ಕೊಡದ ಕಾರ್ಡು, ಕೊಡಲಾಗದ ಪರವಾನಗಿ

ಕಳ್ಳತನವೆಂದೊಡನೆ ಬೀಗ ಮುರಿಯುವುದು, ಗೋಡೆಗೆ ಕನ್ನ ಕೊರೆಯುವುದು, ಕತ್ತಲಲ್ಲಿ ಓಡುವುದು ಮನಸ್ಸಿಗೆ ಬರುತ್ತವೆ. ಈ ಕಾಲದ ಕಳ್ಳತನಕ್ಕೆ ಕತ್ತಲೂ ಬೇಡ, ಕನ್ನವೂ ಬೇಡ. ಬಸ್ಸಿನಲ್ಲಿ ಯಾರೋ ಮರೆತುಹೋದ ಪರ್ಸಿನಲ್ಲಿ ಒಂದು ಕ್ರೆಡಿಟ್ ಕಾರ್ಡು, ಒಂದು ಚಾಲನಾ ಪರವಾನಗಿ ಇದ್ದರೆ ಸಾಕು. ಕಾರ್ಡನ್ನು ಅಂಗಡಿಯ ಯಂತ್ರಕ್ಕೆ ತಾಗಿಸಿದರೆ 5,000 ರೂಪಾಯಿವರೆಗಿನ ಖರೀದಿಗೆ ಪಿನ್ ಸಂಖ್ಯೆಯೂ ಬೇಕಾಗದೆ ಹೋಗಬಹುದು. ಪರವಾನಗಿಯನ್ನು ತೋರಿಸಿ ಬೇರೊಬ್ಬರ ಹೆಸರಿನಲ್ಲಿ ಕೋಣೆಯನ್ನೋ ವಾಹನವನ್ನೋ ಬಾಡಿಗೆಗೆ ಪಡೆಯಲು ಯತ್ನಿಸಬಹುದು. ಇದಕ್ಕೆ ಕೈಹಾಕುವವನು ವೃತ್ತಿನಿರತ ಕಳ್ಳನೇ ಆಗಬೇಕೆಂದಿಲ್ಲ. ಓದು, ಮನೆತನ ಎರಡೂ ಇರುವ ಯುವಕನಿಗೂ ಅದು ‘ಸಿಕ್ಕದ್ದು’ ಎನಿಸಬಹುದು, ‘ಕದ್ದದ್ದು’ ಎನಿಸದಿರಬಹುದು. ಅಚೌರ್ಯಾಣುವ್ರತದ ವಿಚಾರ ಆರಂಭವಾಗುವುದು ಈ ಎರಡು ಮಾತುಗಳ ನಡುವಿನ ಅಂತರದಲ್ಲಿಯೇ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಕಳವಿಗೆ ಕೊಡುವ ಲಕ್ಷಣ ಅತ್ಯಂತ ಸರಳವಾದುದು: ಕೊಡದಿರುವುದನ್ನು ತೆಗೆದುಕೊಳ್ಳುವುದೇ ಕಳವು. ವಸ್ತು ಹೇಗೆ ಕೈಸೇರಿತು, ಅದರ ಬೆಲೆಯೆಷ್ಟು, ಯಾರಾದರೂ ನೋಡಿದರೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಎಡೆಯಿಲ್ಲ. ಕೊಟ್ಟರೇ, ಇಲ್ಲವೇ ಎಂಬುದೊಂದೇ ಪ್ರಶ್ನೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನಿಗಾಗಿ ಇದನ್ನು ಇನ್ನಷ್ಟು ಬಿಡಿಸಿ ಹೇಳಿದ್ದಾರೆ. ಪರರು ಇಟ್ಟದ್ದಾಗಲಿ, ಬಿದ್ದದ್ದಾಗಲಿ, ಮರೆತದ್ದಾಗಲಿ, ಅವರು ಕೊಡದ ಹೊರತು ತಾನೂ ತೆಗೆದುಕೊಳ್ಳಬಾರದು, ಎತ್ತಿ ಇನ್ನೊಬ್ಬರಿಗೂ ಕೊಡಬಾರದು. ಬಸ್ಸಿನಲ್ಲಿ ಮರೆತ ಪರ್ಸಿನ ವಿಚಾರವನ್ನು ಆಚಾರ್ಯರು ಎಷ್ಟೋ ಶತಮಾನಗಳ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಾರೆ.

ನಾಡಿನ ಕಾನೂನೂ ಇದಕ್ಕಿಂತ ದೂರವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು ಕಳ್ಳತನಕ್ಕೆ ಸಂಬಂಧಿಸಿದ್ದು. ಬಿದ್ದ ವಸ್ತುವಿನ ಮಾತು 314ನೆಯ ಕಲಮಿನಲ್ಲಿ ಬರುತ್ತದೆ. ಒಡೆಯನಿಗೆ ಹಿಂದಿರುಗಿಸಲೆಂದು ಎತ್ತಿಟ್ಟುಕೊಂಡವನು ಅಪರಾಧಿಯಲ್ಲ. ಒಡೆಯನನ್ನು ಪತ್ತೆಮಾಡುವ ದಾರಿಯಿದ್ದೂ ತನ್ನದಾಗಿಸಿಕೊಂಡವನು ಅಪರಾಧಿ. ಪರವಾನಗಿಯ ಮೇಲೆ ಒಡೆಯನ ಭಾವಚಿತ್ರ, ಹೆಸರು, ವಿಳಾಸಗಳೇ ಇರುತ್ತವೆ. ‘ಯಾರದೆಂದು ತಿಳಿಯಲಿಲ್ಲ’ ಎಂಬ ಮಾತಿಗೆ ಅಲ್ಲಿ ಆಸ್ಪದವೇ ಇಲ್ಲ. ಪರರ ಗುಪ್ತಸಂಖ್ಯೆಯನ್ನು ಅಥವಾ ವಿಶಿಷ್ಟ ಗುರುತನ್ನು ವಂಚನೆಯಿಂದ ಬಳಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿವರೆಗಿನ ದಂಡವನ್ನೂ ವಿಧಿಸುತ್ತದೆ. ತಾನು ಇನ್ನೊಬ್ಬನೆಂದು ನಟಿಸಿ ವಂಚಿಸಿದರೆ ನ್ಯಾಯ ಸಂಹಿತೆಯಲ್ಲಿ ಐದು ವರ್ಷಗಳವರೆಗೆ ಸೆರೆವಾಸವಿದೆ.

ಕಾರ್ಡು ಕಳವಾದಾಗ ಹೋಗುವುದು ಹಣವಷ್ಟೇ ಅಲ್ಲ. ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಧನವನ್ನು ಮನುಷ್ಯನ ಹೊರಗಿನ ಪ್ರಾಣವೆಂದು ಕರೆದು, ಅದನ್ನು ಅಪಹರಿಸುವುದನ್ನು ಹಿಂಸೆಯಲ್ಲಿಯೇ ಸೇರಿಸಿದ್ದಾರೆ. ಕಾರ್ಡಿನ ಒಡೆಯನ ಪಾಡನ್ನು ನೋಡಿದರೆ ಈ ಮಾತು ಅತಿಶಯೋಕ್ತಿ ಎನಿಸದು. ತಾನು ಕೊಳ್ಳದ ವಸ್ತುವಿಗೆ ಬಿಲ್ಲು ಬರುತ್ತದೆ. ತಾನು ತಪ್ಪಿತಸ್ಥನಲ್ಲವೆಂದು ಅವನೇ ಬ್ಯಾಂಕಿಗೆ, ಠಾಣೆಗೆ ಅಲೆದು ತೋರಿಸಬೇಕಾಗುತ್ತದೆ. ಪರವಾನಗಿಯೂ ಹೋಗಿದ್ದರೆ ಯಾವ ಊರಿನಲ್ಲಿ ಯಾರು ತನ್ನ ಹೆಸರಿನಲ್ಲಿ ಏನು ಮಾಡುತ್ತಿದ್ದಾರೋ ಎಂಬ ಭಯ ಬಹುಕಾಲ ಬಿಡದು. ಕದ್ದವನಿಗೆ ಒಂದು ಸಂಜೆಯ ಖರೀದಿ. ಕಳೆದುಕೊಂಡವನಿಗೆ ಎಷ್ಟೋ ತಿಂಗಳುಗಳ ಸಂಕ್ಲೇಶ. ಆ ಸಂಕ್ಲೇಶವನ್ನು ಉಂಟುಮಾಡಿದವನು ಅಹಿಂಸಾಣುವ್ರತವನ್ನೂ ಮುರಿದಂತೆಯೇ.

ಕಾರ್ಡಿನ ವಿಷಯದಲ್ಲಿ ‘ಕೊಟ್ಟರೇ’ ಎಂಬ ಪ್ರಶ್ನೆ ಸಾಕು. ಪರವಾನಗಿಯ ವಿಷಯದಲ್ಲಿ ಅದಕ್ಕೂ ಹಿಂದಿನ ಪ್ರಶ್ನೆಯೊಂದಿದೆ: ಕೊಡುವ ಅಧಿಕಾರ ಕೊಡುವವನಿಗಿದೆಯೇ? ಮುಖಲಕ್ಷಣ ಹೋಲುವುದೆಂದು ಅಣ್ಣನ ಪರವಾನಗಿಯನ್ನು ತಮ್ಮ ಜೇಬಿನಲ್ಲಿಟ್ಟುಕೊಂಡು ಗಾಡಿ ಓಡಿಸಿದರೆ ಮನೆಯಲ್ಲಿ ಅದನ್ನು ಕಳ್ಳತನವೆನ್ನುವವರಿಲ್ಲ, ಅಣ್ಣನೇ ಕೊಟ್ಟಿದ್ದಾನಲ್ಲ! ಆದರೆ 1988ರ ಮೋಟಾರು ವಾಹನ ಕಾಯ್ದೆಯ 6ನೆಯ ಕಲಮು, ಪರವಾನಗಿ ಪಡೆದವನು ಅದನ್ನು ಬಳಸಲು ಇನ್ನೊಬ್ಬರಿಗೆ ಅವಕಾಶ ಕೊಡಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ಪರವಾನಗಿ ಸ್ವತ್ತಲ್ಲ, ಒಬ್ಬನ ಯೋಗ್ಯತೆಯನ್ನು ಪರೀಕ್ಷಿಸಿ ರಾಜ್ಯ ಅವನಲ್ಲಿಟ್ಟ ನಂಬಿಕೆ. ದಾನ ಮಾಡಲು ತನ್ನದಾದ ವಸ್ತು ಬೇಕು. ತನ್ನದಲ್ಲದ ನಂಬಿಕೆಯನ್ನು ಪ್ರೀತಿಯಿಂದ ಕೊಟ್ಟರೂ ಅದು ‘ಕೊಟ್ಟದ್ದು’ ಆಗದು. ಪಡೆದವನು ಕೊಡದಿರುವುದನ್ನೇ ಪಡೆದಂತಾಗುತ್ತದೆ.

ಅಚೌರ್ಯಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ: ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದು ತಂದುದನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಅಸಲಿಗೆ ನಕಲಿಯನ್ನು ಬೆರೆಸಿ ವ್ಯವಹರಿಸುವುದು. ಕದ್ದ ಕಾರ್ಡಿನಿಂದ ಕೊಂಡ ಫೋನನ್ನು ಅಗ್ಗವೆಂದು ಕೊಳ್ಳುವ ಗೆಳೆಯ ಎರಡನೆಯದರಲ್ಲಿ ಸಿಲುಕುತ್ತಾನೆ. ಪರವಾನಗಿಯಿಲ್ಲದ ಮಗನ ಕೈಗೆ ಗಾಡಿಯ ಕೀಲಿ ಕೊಡುವ ತಂದೆ ಮೂರನೆಯದರಲ್ಲಿ. ಪರರ ಗುರುತನ್ನು ತನ್ನದೆಂದು ತೋರಿಸುವವನಿಗೆ ಐದನೆಯದು ಅನ್ವಯಿಸದೇ? ಅಲ್ಲಿ ನಕಲಿಯಾಗಿರುವುದು ಸರಕಲ್ಲ, ಮನುಷ್ಯನೇ. ಈ ಐದರಲ್ಲಿ ಒಂದಕ್ಕೂ ಬೀಗ ಮುರಿಯಬೇಕಾಗಿಲ್ಲ ಎಂಬುದನ್ನು ಗಮನಿಸಬೇಕು.

ಮಗನ ಮೇಲೆ ಪ್ರಕರಣ ದಾಖಲಾದ ದಿನ ಮನೆಯವರ ಧರ್ಮವೇನು? ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಅಂದರೆ ಪರರ ದೋಷವನ್ನು ಸಾರದಿರುವುದು, ಒಂದು. ಇದನ್ನು ನೆಪವಾಗಿಸಿಕೊಂಡು ಪ್ರಕರಣವನ್ನೇ ಮುಚ್ಚಿಹಾಕಲು ಓಡಾಡುವುದುಂಟು. ಅದು ಉಪಗೂಹನವಲ್ಲ, ಮಾಯಾಕಷಾಯ. ಉಪಗೂಹನದ ಬೆನ್ನಿಗೇ ಸ್ಥಿತಿಕರಣವನ್ನು ಹೇಳಿದೆ: ಜಾರಿದವನನ್ನು ಹಿಡಿದು ಮತ್ತೆ ಸನ್ಮಾರ್ಗದಲ್ಲಿ ನಿಲ್ಲಿಸುವುದು. ಆರೋಪ ಇನ್ನೂ ತೀರ್ಪಲ್ಲ. ಆದ್ದರಿಂದ ನೆರೆಹೊರೆಯವರು ಅವನನ್ನು ಕಳ್ಳನೆಂದು ಕರೆಯಲು ಆತುರಪಡಬಾರದು. ಮಾಡಿದ್ದು ನಿಜವಾದರೆ ಅವನು ಒಪ್ಪಿಕೊಳ್ಳುವಂತೆ, ಹಣವನ್ನು ಹಿಂದಿರುಗಿಸುವಂತೆ, ಕಾನೂನಿನ ಮುಂದೆ ನಿಲ್ಲುವಂತೆ ಮನೆಯವರು ಧೈರ್ಯ ತುಂಬಬೇಕು. ಕಳವಾದುದರ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿಗೆ ಅಪರಾಧಿಯಾದವನು ಅದನ್ನು ಹಿಂದಿರುಗಿಸಿದರೆ ಸೆರೆವಾಸದ ಬದಲು ಸಮುದಾಯ ಸೇವೆಯ ಶಿಕ್ಷೆಯನ್ನು ಹೊಸ ಸಂಹಿತೆ ಹೇಳಿದೆ. ಆಲೋಚನೆ, ಪ್ರಾಯಶ್ಚಿತ್ತಗಳನ್ನು ಬಲ್ಲವರಿಗೆ ಇದರ ಹಿಂದಿನ ಭಾವ ಅಪರಿಚಿತವಲ್ಲ.

ಹತ್ತೊಂಬತ್ತು ಕಥೆಗಳ ವಡ್ಡಾರಾಧನೆಯಲ್ಲಿ ವಿದ್ಯುಚ್ಚೋರನೂ ಒಬ್ಬ. ಹಗಲಿನಲ್ಲಿ ರೋಗಿಯ ವೇಷ, ಇರುಳಿನಲ್ಲಿ ಕಳವು. ತನ್ನದಲ್ಲದ ಗುರುತಿನಲ್ಲಿ ಅಡಗಿ ಬದುಕಿದವನು ಕೊನೆಗೆ ರಿಸಿಯಾದನು. ಅವನನ್ನು ಎತ್ತಿದ್ದು ಜಾಣತನವಲ್ಲ, ವೇಷವನ್ನು ಕಳಚಿದ ನಡೆ. ಕಳ್ಳನಿಗೂ ಮೋಕ್ಷಮಾರ್ಗವನ್ನು ಮುಚ್ಚದ ಧರ್ಮ, ಕಳವನ್ನು ಮಾತ್ರ ಎಳ್ಳಷ್ಟೂ ಸಡಿಲಗೊಳಿಸಲಿಲ್ಲ.

ಮನೆಗಳಲ್ಲಿ ಈ ವ್ರತ ಚಿಕ್ಕ ಕೆಲಸಗಳಿಂದ ಮೊದಲಾಗಬೇಕು. ತಂದೆಯ ಕಾರ್ಡನ್ನು ಕೇಳದೆ ಬಳಸಬಾರದೆಂದು ಮಕ್ಕಳು ಕಲಿಯಬೇಕು. ಪಿನ್ ಸಂಖ್ಯೆಯನ್ನು ಯಾರಿಗೂ ಹೇಳಬಾರದೆಂದು ಹಿರಿಯರೂ ಕಲಿಯಬೇಕು. ಪ್ರಮಾದವೂ ದೋಷವೇ. ಕಾರ್ಡು ಕಳೆದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ ಅದನ್ನು ನಿಲ್ಲಿಸಬೇಕು. ಹಣ ಹೋಗಿದ್ದರೆ 1930 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸಬೇಕು. ಪರರ ಪರ್ಸು ಸಿಕ್ಕರೆ ಅದರಲ್ಲಿರುವ ವಿಳಾಸಕ್ಕೆ ಅಥವಾ ಹತ್ತಿರದ ಠಾಣೆಗೆ ಅದೇ ದಿನ ತಲುಪಿಸಬೇಕು. ಮರುದಿನಕ್ಕೆ ಉಳಿದ ಪರವಸ್ತುವಿನ ಮೇಲೆ ಲೋಭ ಮೆಲ್ಲಗೆ ತನ್ನ ಹೆಸರು ಬರೆಯತೊಡಗುತ್ತದೆ.