ಲೂವ್ರ್‌ನ ಪಾಸ್‌ವರ್ಡ್ 'ಲೂವ್ರ್': ನಗೋ ಮೊದಲು ನಮ್ಮದನ್ನೂ ನೋಡ್ಕೊಳ್ಳೋಣ

ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ 2025ರ ಅಕ್ಟೋಬರ್ 19ರಂದು ಹಾಡಹಗಲೇ 8.8 ಕೋಟಿ ಯೂರೊ ಬೆಲೆಯ ರಾಜಮನೆತನದ ಒಡವೆಗಳು ಕಳುವಾದವು. ಕಳ್ಳತನದಷ್ಟೇ ಸದ್ದು ಮಾಡಿದ್ದು ಆಮೇಲೆ ಅಲ್ಲಿನ ಪತ್ರಿಕೆಯೊಂದು ಹೊರಗೆ ತಂದ ವಿಷಯ. ಫ್ರಾನ್ಸ್ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ 2014ರಲ್ಲಿ ತಪಾಸಣೆ ಮಾಡಿದಾಗ, ಸಿಸಿ ಕ್ಯಾಮೆರಾ ಸರ್ವರ್‌ನ ಪಾಸ್‌ವರ್ಡ್ 'ಲೂವ್ರ್' ಅಂತಲೇ ಇತ್ತಂತೆ!

ಕಳ್ಳರಿಗೆ ಆ ಪಾಸ್‌ವರ್ಡ್ ಬೇಕಾಗಿರಲಿಲ್ಲ ಅನ್ನೋದು ಬೇರೆ ಮಾತು. ಅವರು ಲಿಫ್ಟ್ ಇರೋ ಲಾರಿ ತಂದು, ಬಾಲ್ಕನಿ ಹತ್ತಿ, ಕಿಟಕಿ ಕೊಯ್ದು ಒಳಗೆ ಹೋದರು. ನಮ್ಮ ಮೊಬೈಲ್‌ಗೆ ಬರೋ ಕಳ್ಳರಿಗೆ ಏಣಿಯೂ ಬೇಡ, ಲಾರಿಯೂ ಬೇಡ.

ನಮ್ಮ ಕಡೆ ಹೆಚ್ಚಿನ ಪಾಸ್‌ವರ್ಡ್‌ಗಳ ಕಥೆ ಗೊತ್ತಿರೋದೇ. ಮಗಳ ಹೆಸರು, ಮುಂದೆ @123. ಮೂರು ತಿಂಗಳಿಗೊಮ್ಮೆ ಬದಲಾಯಿಸಿ ಅಂದ್ರೆ @124. ಇದಕ್ಕೆ ಜನರ ಸೋಮಾರಿತನ ಕಾರಣ ಅನ್ನೋದು ಅರ್ಧ ಸತ್ಯ ಅಷ್ಟೇ. ದೊಡ್ಡಕ್ಷರ ಇರಲಿ, ಅಂಕಿ ಇರಲಿ, ಚಿಹ್ನೆ ಇರಲಿ ಅಂತ ಕಾಡೋ ನಿಯಮದ ಮೂಲ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2004ರಲ್ಲಿ ಹೊರಡಿಸಿದ ಮಾರ್ಗಸೂಚಿ. ಅದನ್ನು ಬರೆದ ಬಿಲ್ ಬರ್ ಅವರೇ ನಿವೃತ್ತಿಯಾದ ಮೇಲೆ, 2017ರಲ್ಲಿ, ಅದರಲ್ಲಿ ಬಹುಪಾಲಿಗೆ ವಿಷಾದಿಸುತ್ತೇನೆ ಅಂದ್ರು. ಸಂಸ್ಥೆಯೂ ಅದೇ ವರ್ಷ ರಾಗ ಬದಲಿಸಿತು. 2025ರ ಪರಿಷ್ಕರಣೆಯಲ್ಲಂತೂ ಚಿಹ್ನೆ-ಅಂಕಿಗೆ ಒತ್ತಾಯ ಮಾಡಲೇಬಾರದು, ಕಾರಣ ಇಲ್ಲದೆ ಬದಲಾಯಿಸೋಕೆ ಹೇಳಬಾರದು, ಪಾಸ್‌ವರ್ಡ್ ಒಂದನ್ನೇ ನಂಬೋ ಕಡೆ ಕನಿಷ್ಠ 15 ಅಕ್ಷರ ಇರಬೇಕು ಅಂತಿದೆ. ನಮ್ಮ ಎಷ್ಟೋ ಆ್ಯಪ್‌ಗಳು ಮಾತ್ರ ಇನ್ನೂ 2004ರಲ್ಲೇ ಕೂತಿವೆ.

ಅಂದ್ರೆ ಬೇಕಿರೋದು ಉದ್ದ. ಅದಕ್ಕೆ ಕನ್ನಡ ಚೆನ್ನಾಗಿ ಒದಗುತ್ತೆ. 'ಎಮ್ಮೆ ಬಸ್ಸಿನಲ್ಲಿ ಇಡ್ಲಿ ತಿಂತು' ಅನ್ನೋದನ್ನ ಇಂಗ್ಲಿಷ್ ಅಕ್ಷರದಲ್ಲಿ ಒಟ್ಟಿಗೆ ಟೈಪ್ ಮಾಡಿದ್ರೆ 23 ಅಕ್ಷರ. ಅರ್ಥ ಇಲ್ಲ, ಆದ್ರೆ ಮರೆಯೋಕೂ ಆಗಲ್ಲ. (ಈ ಎಮ್ಮೆ ಈಗ ಊರಿಗೆಲ್ಲ ಗೊತ್ತಾಯ್ತು, ನಿಮ್ಮದು ಬೇರೆ ಕಟ್ಕೊಳ್ಳಿ.) ಗಾದೆ, ಸಿನಿಮಾ ಹಾಡು, ವಚನದ ಸಾಲು ಬೇಡ. ನಮಗೆ ಬಾಯಿಪಾಠ ಇರೋದು ಕಳ್ಳರ ಪಟ್ಟಿಗೂ ಸೇರಿರಬಹುದು.

ನಿಜವಾದ ಅಪಾಯ ಇರೋದು ಒಂದೇ ಬೀಗದ ಕೈಯನ್ನ ಎಲ್ಲ ಬಾಗಿಲಿಗೂ ಹಾಕೋದ್ರಲ್ಲಿ. ಯಾವುದೋ ಸಣ್ಣ ಶಾಪಿಂಗ್ ಸೈಟ್‌ನಿಂದ ಪಾಸ್‌ವರ್ಡ್ ಸೋರಿದ್ರೆ, ಅದನ್ನೇ ನಿಮ್ಮ ಇಮೇಲ್‌ಗೂ ಹಾಕಿ ನೋಡ್ತಾರೆ. ಇಮೇಲ್ ಸಿಕ್ಕಿದ್ರೆ 'ಪಾಸ್‌ವರ್ಡ್ ಮರೆತಿದ್ದೇನೆ' ಒತ್ತಿ ಉಳಿದಿದ್ದನ್ನೂ ಒಂದೊಂದಾಗಿ ತೆಗೀತಾರೆ. ಹಾಗಾಗಿ ಎಲ್ಲಾ ಕಡೆ ಆಗದಿದ್ರೂ ಇಮೇಲ್‌ಗೆ ಮತ್ತು ಬ್ಯಾಂಕಿಗೆ ಬೇರೆ ಬೇರೆ ಇರಲೇಬೇಕು. ನೆನಪಿಗೆ ಕಷ್ಟ ಅಂದ್ರೆ ನೋಟ್‌ಬುಕ್‌ನಲ್ಲಿ ಬರೆದು ಬೀರುವಿನಲ್ಲಿಡಿ. ಅಷ್ಟು ದೂರದ ಕಳ್ಳ ನಿಮ್ಮ ಬೀರು ತನಕ ಬರಲ್ಲ. ಕಚೇರಿ ಮಾನಿಟರ್‌ಗೆ ಚೀಟಿ ಅಂಟಿಸೋದು ಮಾತ್ರ ಬೇಡ.

ಇನ್ನು ಅರ್ಜಿ ಹಾಕೋಕೆ ಸೈಬರ್ ಸೆಂಟರ್‌ಗೆ ಹೋದಾಗ "ಅಣ್ಣಾ, ನೀನೇ ಒಂದು ಪಾಸ್‌ವರ್ಡ್ ಹಾಕ್ಬಿಡು" ಅನ್ನೋ ಅಭ್ಯಾಸ. ಅವನು ಒಳ್ಳೆಯವನೇ ಇರಬಹುದು. ಆದ್ರೆ ದಿನಕ್ಕೆ ನೂರು ಜನ ಬಂದ್ರೆ ನೂರು ಜನಕ್ಕೂ ಒಂದೇ ಹಾಕ್ತಾನೆ, ಪಾಪ! ಮನೆಗೆ ಬಂದ ಮೇಲೆ ಮೊದಲು ಅದನ್ನ ಬದಲಾಯಿಸಿ, ಇಮೇಲ್‌ಗೆ ಎರಡು ಹಂತದ ಪರಿಶೀಲನೆಯನ್ನೂ ಆನ್ ಮಾಡಿ. ಅಷ್ಟರಲ್ಲೇ ಖಾತೆಯಿಂದ ದುಡ್ಡು ಹೋಗಿದ್ರೆ, ತಕ್ಷಣ 1930ಕ್ಕೆ ಫೋನ್ ಮಾಡಿ.