ಧಾರೆಗೆ ಮೊದಲೇ ಸರ್ಟಿಫಿಕೇಟ್

ಮಾಡದಕೆರೆ, ಶ್ರೀರಾಂಪುರದ ಕಡೆ ಹುಡುಗಿಗೆ ಫಾರಿನ್ ಗಂಡು ಗೊತ್ತಾಯಿತೆಂದರೆ ಐನೋರಿಗಿಂತ ಮೊದಲು ನೆನಪಾಗುವುದು ಹೊಸದುರ್ಗದ ಸಬ್ ರಿಜಿಸ್ಟ್ರಾರ್ ಕಚೇರಿ. ಹುಡುಗನಿಗೆ ರಜೆ ಕಡಿಮೆ, ವೀಸಾಕ್ಕೆ ತಿಂಗಳುಗಟ್ಟಲೆ ಕಾಯಬೇಕು. ‘ಈಗ ರಿಜಿಸ್ಟರ್ ಮಾಡಿಸಿಬಿಡ್ರಿ, ಧಾರೆ ಮುಂದಿನ ಬೇಸಿಗೇಲಿ ಇಟ್ಕಂಡ್ರಾಯ್ತು’ ಅಂತ ತಿಳಿದವರೊಬ್ಬರು ಹೇಳುತ್ತಾರೆ. ಕೇಳಲು ಜಾಣತನದ ಮಾತು. ನಂಬಿದವರು ಕೆಡುತ್ತಾರೆ.

ಇಬ್ಬರು ಪೈಲಟ್‌ಗಳು ಶಾಸ್ತ್ರ ಮಾಡಿಕೊಳ್ಳದೆ ಪ್ರಮಾಣಪತ್ರ ಪಡೆದು, ಆಮೇಲೆ ಮನಸ್ತಾಪವಾಗಿ ಕೋರ್ಟು ಹತ್ತಿದ್ದರು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ (ನಮ್ಮ ಕನ್ನಡದವರೇ) ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಅದು ಮದುವೆಯೇ ಅಲ್ಲ ಎಂದರು. ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಹೇಳುವಂತೆ ತಂತಮ್ಮ ಪದ್ಧತಿಯ ಶಾಸ್ತ್ರ ನಡೆದಿರಬೇಕು. 8ನೇ ಸೆಕ್ಷನ್ನಿನ ನೋಂದಣಿ ನಡೆದ ಮದುವೆಗೆ ಸಾಕ್ಷಿಯೇ ಹೊರತು ಮದುವೆಯನ್ನು ಹುಟ್ಟಿಸುವುದಿಲ್ಲ. ವೀಸಾದ ಅವಸರಕ್ಕೆ ಮೊದಲೇ ನೋಂದಾಯಿಸಿಕೊಳ್ಳುವ ಚಾಳಿಯನ್ನು ತೀರ್ಪು ಹೆಸರಿಟ್ಟೇ ಟೀಕಿಸಿತು. ಶಾಸ್ತ್ರ ಬೇಡವೆನ್ನುವವರಿಗೆ ವಿಶೇಷ ವಿವಾಹ ಕಾಯ್ದೆಯಿದೆ, 30 ದಿನ ಮೊದಲು ನೋಟಿಸು ಕೊಟ್ಟರಾಯಿತು.

ಮದುವೆ ಕಾನೂನಿಗೆ ಸರಿಯಿದ್ದರೂ ವಿದೇಶದ ಅಧಿಕಾರಿಗೆ ಅದು ಸಾಲದು. ನಿಜವಾದ ಸಂಸಾರವೋ, ವಲಸೆಗಾಗಿ ಹೂಡಿದ ನಾಟಕವೋ ಎಂದು ಆತ ಕೇಳುತ್ತಾನೆ. ಅಮೆರಿಕ 1986ರ ಕಾನೂನಿನಿಂದೀಚೆಗೆ ಹೊಸ ಜೋಡಿಗೆ ಕೊಡುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡು. ಮದುವೆಯ ಮುಖ್ಯ ಉದ್ದೇಶ ಬ್ರಿಟನ್ ಸೇರುವುದಲ್ಲ ಎಂದು ಸಾಧಿಸುವ ಹೊಣೆಯನ್ನು ಅಲ್ಲಿನ ಸರ್ಕಾರ 1997ರವರೆಗೂ ಅರ್ಜಿದಾರರ ತಲೆಗೇ ಕಟ್ಟಿತ್ತು. ನಮ್ಮ ಉಪಖಂಡದ ಎಷ್ಟೋ ಗಂಡಂದಿರು ಹೀಗೆ ಇಲ್ಲೇ ಉಳಿದರು. ಸುಳ್ಳು ಮದುವೆಗಳೂ ಇವೆ, ತನಿಖೆ ಬೇಡವೆಂದು ನಾನು ಹೇಳಲಾರೆ. ನನ್ನ ತಕರಾರು ಅಳತೆಗೋಲಿನ ಬಗ್ಗೆ.

ಆಸ್ಟ್ರೇಲಿಯಾ ನೋಡುವುದು ನಾಲ್ಕು ಸಂಗತಿ: ಹಣಕಾಸು, ಮನೆವಾರ್ತೆ, ಸಮಾಜದಲ್ಲಿ ಜೋಡಿಯ ಗುರುತು, ಪರಸ್ಪರ ಬದ್ಧತೆ. ಜಂಟಿ ಖಾತೆ, ಬಾಡಿಗೆ ಕರಾರು, ಒಟ್ಟಿಗೆ ತೆಗೆಸಿಕೊಂಡ ಫೋಟೊ. ಅತ್ತೆಮನೆಯಲ್ಲಿ ಅಡಿಕೆ ಸುಲಿಯುವ ಕೂಲಿಯವರಿಗೆ ಊಟ ಬಡಿಸುತ್ತಿರುವ ಸೊಸೆಯ ಹತ್ತಿರ ಇವು ಎಲ್ಲಿಂದ ಬರಬೇಕು? ಹಿರಿಯರೆದುರು ಗಂಡನ ಪಕ್ಕ ಕೂರಲೂ ಹಿಂಜರಿಯುವವಳು ಅವಳು. ಅಕ್ಕನ ಮಗಳನ್ನೇ ತಂದುಕೊಂಡರೆ ನಮಗೆ ಅದಕ್ಕಿಂತ ಗಟ್ಟಿ ಸಂಬಂಧವಿಲ್ಲ. ಇಂಗ್ಲೆಂಡಿನ ಕಾನೂನು ಅಂಥ ಮದುವೆಗೆ ತನ್ನ ನೆಲದಲ್ಲಿ ಜಾಗವನ್ನೇ ಕೊಟ್ಟಿಲ್ಲ.

ನಮ್ಮ ಮದುವೆಗೆ ಊರೇ ಸಾಕ್ಷಿ. ಹಾಗಾಗಿ ಲಗ್ನಪತ್ರಿಕೆ, ಛತ್ರದ ರಸೀದಿ, ಪೂರ್ತಿ ವಿಡಿಯೊ ಜೋಪಾನವಾಗಿರಲಿ. ಮುಯ್ಯಿ ಬರೆದ ಪುಸ್ತಕವನ್ನೂ ಅನುವಾದ ಮಾಡಿಸಿ ಕಡತಕ್ಕೆ ಸೇರಿಸಿ ಎನ್ನುತ್ತೇನೆ: ನೂರಾರು ಮಂದಿ ಹೆಸರು, ಊರು, ಕೊಟ್ಟ ಹಣ ಬರೆಸಿ ಹೋದ ದಾಖಲೆ ಅದು. ಆಧಾರ್‌ನಲ್ಲಿ ತಿಪ್ಪೇಸ್ವಾಮಿ, ಅಂಕಪಟ್ಟಿಯಲ್ಲಿ ಟಿ. ಸ್ವಾಮಿ ಎಂದಿದ್ದರೆ ಅದನ್ನು ಮೊದಲು ಸರಿಪಡಿಸಿಕೊಳ್ಳಿ.

ಇಷ್ಟೆಲ್ಲ ಪರೀಕ್ಷೆ ಹುಡುಗಿಗೆ. ಹುಡುಗನನ್ನು ನಾವು ಏನು ಕೇಳಿದ್ದೇವೆ? ಕಟ್ಟಿಕೊಂಡು ಬಿಟ್ಟುಹೋಗುವ ಅನಿವಾಸಿ ಗಂಡಂದಿರ ಬಗ್ಗೆ ರಾಜ್ಯಸಭೆಯಲ್ಲಿ 2019ರಲ್ಲಿ ಮಸೂದೆ ಮಂಡನೆಯಾಯಿತು. 2024ರ ಫೆಬ್ರುವರಿಯಲ್ಲಿ, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ ನೇತೃತ್ವದ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಸಮಗ್ರ ಕಾನೂನು ಬೇಕೆಂದಿತು. ಅದನ್ನು ಕಾಯುತ್ತ ಕೂರಬೇಕಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳಲು ಅಮೆರಿಕದಲ್ಲಿ ಅರ್ಜಿ ಹಾಕುವವನು ತೆರಿಗೆ ಕಾಗದ, ಆದಾಯದ ಲೆಕ್ಕ, ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಆದೇಶ, ಎಲ್ಲವನ್ನೂ ಸರ್ಕಾರದ ಮುಂದಿಡಲೇಬೇಕು. ಅವನ್ನೇ ನಿಶ್ಚಿತಾರ್ಥಕ್ಕೆ ಮೊದಲು ಹುಡುಗಿಯ ಅಪ್ಪನಿಗೂ ತೋರಿಸಲಿ. ‘ಏನ್ರೀ ಬೀಗರೇ, ನಂಬಿಕೆ ಇಲ್ವಾ?’ ಎಂದು ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಬಿಡಿ.