ಕುಂಟು, ಹೆಜ್ಜೆ, ನೆಗೆತ

ಕುಂಟೆಬಿಲ್ಲೆ ಆಡದೆ ಬೆಳೆದ ಕನ್ನಡದ ಹುಡುಗಿ ಉಂಟೇ? ನಮ್ಮ ಜಾದವ್‌ಪುರದ ಗಲ್ಲಿಗಳಲ್ಲಿ ಅದಕ್ಕೆ ಎಕ್ಕಾ ದೊಕ್ಕಾ ಎನ್ನುತ್ತಾರೆ. ಒಂಟಿಗಾಲಲ್ಲಿ ಕುಪ್ಪಳಿಸಿ ಅದೇ ಕಾಲ ಮೇಲೆ ಇಳಿಯುವುದು, ಅಲ್ಲಿಂದ ಇನ್ನೊಂದು ಕಾಲಿಗೆ ಹಾರುವುದು, ಕಡೆಗೆ ನೆಗೆದು ಮರಳಿನಲ್ಲಿ ಬೀಳುವುದು. ಟ್ರಿಪಲ್ ಜಂಪ್ ಎಂಬ ಪಂದ್ಯವೂ ಇಷ್ಟೇ. ಹಿಂದೆ ಅದಕ್ಕೆ ಹಾಪ್-ಸ್ಟೆಪ್-ಜಂಪ್ ಎಂದೇ ಹೆಸರು. ಕೇಳಲು ಸುಲಭ. ಆದರೆ ಭರದಿಂದ ಓಡಿಬಂದವನ ಒಂದೇ ಕಾಲ ಮೇಲೆ ಮೈತೂಕದ ಹತ್ತು ಪಟ್ಟಿಗೂ ಮಿಕ್ಕ ಭಾರ ಬೀಳುತ್ತದೆ ಎಂದರೆ ಅದರ ಕಷ್ಟ ತಿಳಿದೀತು.

ಈ ವಿದ್ಯೆಯಲ್ಲಿ ಏಷ್ಯಕ್ಕೆ ಹೆಸರು ತಂದವರು ಜಪಾನೀಯರು. ೧೯೨೮ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಮಿಕಿಯೊ ಓಡಾ ೧೫.೨೧ ಮೀಟರು ಹಾರಿ ಚಿನ್ನ ಗೆದ್ದರು. ಒಲಿಂಪಿಕ್ಸಿನಲ್ಲಿ ಏಷ್ಯದ ಒಬ್ಬ ವ್ಯಕ್ತಿ ಗೆದ್ದ ಮೊದಲ ಚಿನ್ನ ಅದು. ೧೯೩೨ರಲ್ಲಿ ಚುಹೇಯಿ ನಂಬು, ೧೯೩೬ರಲ್ಲಿ ನಾವೊತೊ ತಾಜಿಮಾ. ತಾಜಿಮಾ ಹಾರಿದ್ದು ಸರಿಯಾಗಿ ೧೬ ಮೀಟರು. ಆಮೇಲೆ ಯುದ್ಧ ಬಂತು. ೧೯೪೮ರ ಲಂಡನ್ ಕೂಟಕ್ಕೆ ಜಪಾನಿಗೆ ಕರೆಯೇ ಇರಲಿಲ್ಲ.

ಆಗ ಏಷ್ಯದ ಆಸೆಯೆಲ್ಲ ನೆಟ್ಟಿದ್ದುದು ಬೆಂಗಳೂರಿನಿಂದ ಹೊರಟ ಹತ್ತೊಂಬತ್ತರ ಹುಡುಗ ಹೆನ್ರಿ ರೆಬೆಲ್ಲೊ ಮೇಲೆ. ಹುಟ್ಟಿದ್ದು ೧೯೨೮ರಲ್ಲಿ, ಲಖನೌದಲ್ಲಿ; ಬೆಳೆದದ್ದು ಬೆಂಗಳೂರಿನಲ್ಲಿ. ಆ ವರ್ಷವೇ ೫೦ ಅಡಿ ೨ ಅಂಗುಲ, ಎಂದರೆ ೧೫.೨೯ ಮೀಟರು, ಹಾರಿದ್ದ ಹುಡುಗ. ಹಾಗೆಂದೇ ಪದಕ ಗೆಲ್ಲಬಹುದಾದವರ ಸಾಲಿನಲ್ಲಿ ಅವರ ಹೆಸರೂ ಇತ್ತು.

ಆಗಸ್ಟ್ ೩. ಅರ್ಹತೆಯ ಸುತ್ತು ದಾಟಿ ಅಂತಿಮ ಸುತ್ತಿಗೆ ಬಂದಾಯಿತು. ಮೈ ಬೆಚ್ಚಗಾಗಿಸಿಕೊಂಡು ಓಟದ ತುದಿಯಲ್ಲಿ ನಿಂತರು. ಅಷ್ಟರಲ್ಲಿ ಪದಕ ಪ್ರದಾನದ ಸಮಾರಂಭ ನಡೆಯಲಿದೆ, ತಡೆಯಿರಿ ಎಂದು ಅಧಿಕಾರಿಯೊಬ್ಬರು ನಿಲ್ಲಿಸಿಬಿಟ್ಟರು. ಲಂಡನ್ನಿನ ಚಳಿಗೆ ಕಾದ ಕಾಲಿನ ಸ್ನಾಯುಗಳು ಬಿಗಿದವು. ಈಗಿನ ತರಬೇತುದಾರನಾಗಿದ್ದರೆ ಮತ್ತೆ ನಾಲ್ಕು ಸುತ್ತು ಓಡಿಸದೆ ಹುಡುಗನನ್ನು ಬಿಡುತ್ತಿರಲಿಲ್ಲ. ಹೋಗು ಎಂದೊಡನೆ ರೆಬೆಲ್ಲೊ ಹಾಗೆಯೇ ಓಡಿದರು. ತೊಡೆಯ ಹಿಂಬದಿಯ ಸ್ನಾಯು ಹರಿದುಹೋಯಿತು. ಅವರ ಒಲಿಂಪಿಕ್ಸ್ ಅಲ್ಲಿಗೇ ಮುಗಿಯಿತು.

ಗೆದ್ದವರು ಸ್ವೀಡನ್ನಿನ ಆರ್ನೆ ಓಮನ್, ೧೫.೪೦ ಮೀಟರು. ಮೂರನೆಯವರಾದ ತುರ್ಕಿಯ ರುಹಿ ಸಾರಿಯಾಲ್ಪ್ ಹಾರಿದ್ದು ೧೫.೦೨. ರೆಬೆಲ್ಲೊ ತಮ್ಮ ೧೫.೨೯ ಅನ್ನೇ ಮತ್ತೆ ಹಾರಿದ್ದರೆ ಕಂಚು ಖಂಡಿತ. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ಆಗಲೇ ಬರುತ್ತಿತ್ತು. ಅದಕ್ಕಾಗಿ ೧೯೫೨ರ ಹೆಲ್ಸಿಂಕಿಯವರೆಗೆ, ಕುಸ್ತಿಪಟು ಜಾಧವರ ಕಂಚಿನವರೆಗೆ ಕಾಯಬೇಕಾಯಿತು. ಓಟ-ಜಿಗಿತಗಳ ಮಾತಿಗೆ ಬಂದರೆ, ನಮ್ಮ ಈ ಕಲ್ಕತ್ತೆಯಲ್ಲೇ ಹುಟ್ಟಿದ ನಾರ್ಮನ್ ಪ್ರಿಚರ್ಡ್ ೧೯೦೦ರಲ್ಲಿ ಪ್ಯಾರಿಸಿನಲ್ಲಿ ಎರಡು ಬೆಳ್ಳಿ ಗೆದ್ದಿದ್ದರು. ಫುಟ್‌ಬಾಲಿನ ಹೆಸರೆತ್ತಿದರೆ ಊಟ ಮರೆಯುವ ಈ ಊರಿನಲ್ಲಿ ಅವರನ್ನು ನೆನೆಯುವವರು ವಿರಳ!

ರೆಬೆಲ್ಲೊ ಮತ್ತೆ ಒಲಿಂಪಿಕ್ಸ್ ಕಾಣಲಿಲ್ಲ. ವಾಯುಪಡೆ ಸೇರಿ ಗ್ರೂಪ್ ಕ್ಯಾಪ್ಟನ್ ಹುದ್ದೆಯವರೆಗೆ ಏರಿದರು. ಒಂದು ಸ್ನಾಯುವಿನ ಕತೆಗೆ ಇಡೀ ಬಾಳನ್ನು ಕಟ್ಟಿಹಾಕುವುದು ಪತ್ರಿಕೆಗಳ ಚಾಳಿ. ಅದು ನನಗೆ ಸರಿಕಾಣದು. ೨೦೧೩ರಲ್ಲಿ ಅವರು ತೀರಿಕೊಂಡರು. ಒಂಬತ್ತು ವರ್ಷಗಳ ಬಳಿಕ, ೨೦೨೨ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ, ಅದೇ ಇಂಗ್ಲೆಂಡಿನಲ್ಲಿ, ಕೇರಳದ ಎಲ್ದೋಸ್ ಪಾಲ್ ೧೭.೦೩ ಮೀಟರು ಹಾರಿ ಚಿನ್ನ ಗೆದ್ದರು. ಬೆಳ್ಳಿ ಗೆದ್ದ ಅಬ್ದುಲ್ಲಾ ಅಬೂಬಕರ್ ಕೂಡ ಕೇರಳದವರೇ. ಇಬ್ಬರ ನಡುವಣ ಅಂತರ ಒಂದೇ ಸೆಂಟಿಮೀಟರು.